ಸೂಜಿಮೊನೆಯ ನೂರೈವತ್ತು ವರ್ಷ

ಕರೆಂಟು ಎಷ್ಟಿದೆ ಎಂಬುದನ್ನು ನಾಲಿಗೆಗೆ ಮುಟ್ಟಿಸಿ ನೋಡುತ್ತಿದ್ದ ಕಾಲವೊಂದಿತ್ತು. 1870ರಲ್ಲಿ ಬರ್ಲಿನ್ನಿನ ಗುಸ್ತಾವ್ ಫ್ರಿಟ್ಷ್ ಮತ್ತು ಎಡುವಾರ್ಡ್ ಹಿಟ್ಸಿಗ್ ನಾಯಿಯ ತಲೆಬುರುಡೆ ತೆರೆದು, ಮಿದುಳಿನ ಮೇಲ್ಪದರಕ್ಕೆ ಪ್ಲಾಟಿನಂ ತಂತಿಯ ಎರಡು ತುದಿಗಳನ್ನು ತಾಗಿಸಿದರು. ಎಷ್ಟು ಕರೆಂಟು ಬಿಡಬೇಕು ಎಂಬುದಕ್ಕೆ ಅವರ ಲೆಕ್ಕ ಸರಳವಾಗಿತ್ತು: ನಾಲಿಗೆಯ ತುದಿಗೆ ಚುರುಕ್ ಎನ್ನುವಷ್ಟು. ಅಷ್ಟಕ್ಕೇ ನಾಯಿಯ ಎದುರು ಬದಿಯ ಕಾಲು ಅಲುಗಿತು. ತುದಿಯನ್ನು ತುಸು ಸರಿಸಿದರೆ ಕಾಲಿನ ಬದಲು ಮುಖ, ಇನ್ನಷ್ಟು ಸರಿಸಿದರೆ ಏನೂ ಇಲ್ಲ. ಮಿದುಳಿನ ಹೊರಪದರ ವಿದ್ಯುತ್ತಿಗೆ ಜಗ್ಗುವುದಿಲ್ಲ ಎಂದು ಅಲ್ಲಿಯವರೆಗೆ ದೊಡ್ಡ ದೊಡ್ಡವರೇ ನಂಬಿದ್ದರು. ಆ ನಂಬಿಕೆ ಬಿದ್ದುಹೋದದ್ದು ವಿಶ್ವವಿದ್ಯಾಲಯದಲ್ಲಲ್ಲ, ಹಿಟ್ಸಿಗ್‌ನ ಮನೆಯಲ್ಲಿ. ಅವನ ಹೆಂಡತಿಯ ಡ್ರೆಸ್ಸಿಂಗ್ ಟೇಬಲ್ಲೇ ಆಪರೇಷನ್ ಟೇಬಲ್ಲಾಗಿತ್ತು ಎಂದು ಹೇಳುವುದುಂಟು. ಆಕೆ ಏನೆಂದಳೋ, ದೇವರೇ ಬಲ್ಲ!

ನಾನು ಡಾಕ್ಟರಲ್ಲ, ವಿಜ್ಞಾನಿಯೂ ಅಲ್ಲ. ಬಿಎಸ್ಸಿ ಮುಗಿಸಿ ಬೆಂಗಳೂರಿನ ಒಂದು ಶರೀರಕ್ರಿಯಾ ಪ್ರಯೋಗಾಲಯಕ್ಕೆ ಟೆಕ್ನಿಷಿಯನ್ ಆಗಿ ಸೇರಿದವಳು. ಆಮೇಲೆ ಆಪರೇಷನ್ ಥಿಯೇಟರಿನ ಮೂಲೆಯಲ್ಲಿ ರೆಕಾರ್ಡಿಂಗ್ ಯಂತ್ರದ ಮುಂದೆ ಕೂತು ನಿವೃತ್ತಳಾದವಳು. ಮಿದುಳಿನೊಳಗೆ ಎಲೆಕ್ಟ್ರೋಡ್ ಎಂದ ಕೂಡಲೇ ಪತ್ರಿಕೆಗಳು ಮನಸ್ಸು, ಆತ್ಮ, ಯಂತ್ರಮಾನವ ಎಂದು ಎಲ್ಲೆಲ್ಲಿಗೋ ಹೊರಟುಬಿಡುತ್ತವೆ. ನನ್ನ ಕಣ್ಣು ಹೋಗುವುದು ತುದಿಗೆ. ಎಷ್ಟು ಸಣ್ಣ, ಯಾವ ಲೋಹ, ಮೇಲಿನ ಲೇಪ ಎಲ್ಲಿಯವರೆಗೆ ಬಂದಿದೆ, ತಂತಿ ಎಲ್ಲಿ ಮುರಿಯಿತು. ಈ ನೂರೈವತ್ತು ವರ್ಷಗಳ ಚರಿತ್ರೆ ಬಹುಪಾಲು ಇಷ್ಟೇ ಎಂಬುದು ನನ್ನ ವಾದ. ಉಳಿದದ್ದು ಭಾಷಣ.

ಮನುಷ್ಯರ ಮಿದುಳಿನೊಳಗೆ ಮೊದಲು ಸೂಜಿ ಇಳಿದ ಕಥೆ ಕೇಳಲು ಹಿತವಾಗಿಲ್ಲ. 1874, ಅಮೆರಿಕದ ಸಿನ್ಸಿನಾಟಿ. ಮೇರಿ ರ‍್ಯಾಫರ್ಟಿ ಎಂಬ ಐರಿಷ್ ಮೂಲದ ಮನೆಗೆಲಸದಾಕೆಯ ತಲೆಯ ಮೇಲಿನ ಹುಣ್ಣು ಮೂಳೆಯನ್ನೇ ತಿಂದು ಮಿದುಳು ಕಾಣುವಂತಾಗಿತ್ತು. ರಾಬರ್ಟ್ ಬಾರ್ಥೊಲೊ ಎಂಬ ವೈದ್ಯ ಲೇಪ ಹಚ್ಚಿದ, ತುದಿಯಷ್ಟೇ ಬರಿದಾಗಿದ್ದ ಸೂಜಿಗಳನ್ನು ಅದರೊಳಗೆ ಇಳಿಸಿ ಕರೆಂಟು ಬಿಟ್ಟ. ಎದುರು ಬದಿಯ ಕೈಕಾಲು ಸೆಟೆದವು, ಜುಮ್ಮೆಂದಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಅವನು ಕರೆಂಟು ಏರಿಸಿದ. ಆಕೆ ಅತ್ತಳು, ಫಿಟ್ಸ್ ಬಂತು, ಪ್ರಜ್ಞೆ ತಪ್ಪಿತು; ಕೆಲವೇ ದಿನಗಳಲ್ಲಿ ಸತ್ತಳು. ಸಹವೈದ್ಯರು ಉಗಿದ ಮೇಲೆ ಬಾರ್ಥೊಲೊ ವಿಷಾದ ಬರೆದ. ಅವನ ಸೂಜಿಯ ರಚನೆ ಮಾತ್ರ ಇವತ್ತಿಗೂ ಹಾಗೇ ಇದೆ: ಮೈಗೆಲ್ಲ ಲೇಪ, ತುದಿ ಬರಿದು. ನಮ್ಮ ವೃತ್ತಿಯ ಮೊದಲ ಪಾಠವನ್ನು ಕಲಿಸಿಕೊಟ್ಟದ್ದು ಒಪ್ಪಿಗೆಗೆ ಬೆಲೆಯೇ ಇಲ್ಲದಿದ್ದ ಒಬ್ಬ ಕೆಲಸದಾಕೆಯ ತಲೆ ಎಂಬುದನ್ನು ನಾನು ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆಲ್ಲ ಹೇಳುತ್ತಿದ್ದೆ.

ಮೇಲ್ಪದರ ಕಣ್ಣಿಗೆ ಕಾಣುತ್ತದೆ, ಒಳಗಿನದು ಕಾಣುವುದಿಲ್ಲ. ಕಾಣದ ಜಾಗಕ್ಕೆ ಸೂಜಿ ಮುಟ್ಟಿಸುವ ಉಪಾಯ ಹುಡುಕಿದವರು ಲಂಡನ್ನಿನ ವಿಕ್ಟರ್ ಹಾರ್ಸ್‌ಲಿ ಮತ್ತು ರಾಬರ್ಟ್ ಕ್ಲಾರ್ಕ್. 1908ರಲ್ಲಿ ಅವರು ಪ್ರಕಟಿಸಿದ ಚೌಕಟ್ಟು ಪ್ರಾಣಿಯ ತಲೆಯನ್ನು ಬಿಗಿಹಿಡಿದು, ಮುಂದೆ-ಹಿಂದೆ, ಎಡ-ಬಲ, ಮೇಲೆ-ಕೆಳಗೆ ಎಂಬ ಮೂರು ಅಳತೆಗಳಲ್ಲಿ ಸೂಜಿಯನ್ನು ನಡೆಸುತ್ತಿತ್ತು. ಮನುಷ್ಯರಿಗೆ ಅದು ಒಗ್ಗಿದ್ದು 1947ರಲ್ಲಿ, ಫಿಲಡೆಲ್ಫಿಯಾದ ಸ್ಪೀಗಲ್ ಮತ್ತು ವೈಸಿಸ್ ಕೈಯಲ್ಲಿ. ಮನುಷ್ಯರ ಬುರುಡೆ ಒಬ್ಬರಂತೆ ಒಬ್ಬರದಿಲ್ಲವಾದ್ದರಿಂದ ಅವರು ಹೊರಗಿನ ಮೂಳೆಯನ್ನು ಬಿಟ್ಟು ಒಳಗಿನ ಗುರುತುಗಳನ್ನು ಎಕ್ಸ್-ರೇಯಲ್ಲಿ ಹಿಡಿದರು. ಚೌಕಟ್ಟನ್ನು ಪ್ಲಾಸ್ಟರ್ ಟೊಪ್ಪಿಯ ಮೇಲೆ ಕೂರಿಸಿದರು.

ಮರುವರ್ಷವೇ, 1948ರಲ್ಲಿ, ನ್ಯೂಯಾರ್ಕಿನ ಲಾರೆನ್ಸ್ ಪೂಲ್ ಖಿನ್ನತೆ ಹಾಗೂ ಪಾರ್ಕಿನ್ಸನ್ ಇದ್ದ ಒಬ್ಬ ಹೆಂಗಸಿನ ಮಿದುಳಿನ ಕಾಡೇಟ್ ಭಾಗದಲ್ಲಿ ಬೆಳ್ಳಿಯ ಎಲೆಕ್ಟ್ರೋಡನ್ನು ಇಟ್ಟೇಬಿಟ್ಟ. ಬುರುಡೆಯ ಮೂಳೆಯಲ್ಲಿ ಪುಟ್ಟ ಸುರುಳಿ, ಹೊರಗಿನಿಂದ ಕರೆಂಟು. ಸುಮಾರು ಎಂಟು ವಾರ ಪರವಾಗಿಲ್ಲ ಎನ್ನುವಂತೆ ನಡೆದು, ಒಂದು ತಂತಿ ಮುರಿಯಿತು. ಅಲ್ಲಿಗೆ ಮುಗಿಯಿತು. ಇಂಥದೊಂದು ಮಹಾ ಸಾಹಸವನ್ನು ಕೊಂದದ್ದು ಒಂದು ತಂತಿ ಎಂದರೆ ಕೇಳಿದವರು ನಗುತ್ತಾರೆ. ಕೆಲಸ ಮಾಡಿದವರು ನಗುವುದಿಲ್ಲ. ಬೆಳ್ಳಿಯೂ ತಪ್ಪು ಆಯ್ಕೆಯೇ. ಬೆಳ್ಳಿ, ತಾಮ್ರ ಎರಡೂ ಮಿದುಳಿಗೆ ವಿಷ ಎಂಬುದು 1950ರ ದಶಕದಲ್ಲಿ ಬೆಕ್ಕುಗಳ ಮೇಲೆ ನೋಡಿ ಖಚಿತವಾಯಿತು. ಚಿನ್ನ, ಪ್ಲಾಟಿನಂ, ಸ್ಟೇನ್‌ಲೆಸ್ ಸ್ಟೀಲನ್ನು ಅದು ಸಹಿಸಿಕೊಳ್ಳುತ್ತದೆ.

ಇಲ್ಲಿಯವರೆಗಿನದು ಮಿದುಳಿಗೆ ಏನಾದರೂ ಮಾಡುವ ಸೂಜಿಗಳ ಮಾತು. ಮಿದುಳು ಏನು ಹೇಳುತ್ತಿದೆ ಎಂದು ಕೇಳುವ ಸೂಜಿಯದು ಬೇರೆಯೇ ದಾರಿ. ಒಂದು ನರಕೋಶದ ಒಡಲು ಮಿಲಿಮೀಟರಿನ ನೂರರ ಒಂದೆರಡು ಭಾಗ. ಅದರ ದನಿ ಹಿಡಿಯಬೇಕಾದರೆ ತುದಿ ಅದಕ್ಕಿಂತ ಚಿಕ್ಕದಿರಬೇಕು, ಕೋಶವನ್ನು ಕೊಲ್ಲದೆ ಪಕ್ಕದಲ್ಲಿ ನಿಲ್ಲಬೇಕು. 1940ರ ದಶಕದ ಕೊನೆಗೆ ಷಿಕಾಗೋದ ಲಿಂಗ್ ಮತ್ತು ಜೆರಾರ್ಡ್ ಕಾದ ಗಾಜಿನ ಕೊಳವೆಯನ್ನು ಎಳೆದು, ಅರ್ಧ ಮೈಕ್ರಾನಿಗಿಂತ ಸಣ್ಣ ಬಾಯಿ ಬರಿಸಿ, ಒಳಗೆ ಉಪ್ಪುನೀರು ತುಂಬಿದರು. ಕೋಶದೊಳಕ್ಕೇ ನುಗ್ಗಬಲ್ಲ ಸೂಜಿ ಅದು. ಆದರೆ ಪ್ರಾಣಿ ಅಲ್ಲಾಡಿದರೆ ಗಾಜು ಮುರಿಯುತ್ತದೆ. ಹಾಗಾಗಿ ಪ್ರಾಣಿಗೆ ಅರಿವಳಿಕೆ ಕೊಡಬೇಕು. ಮಲಗಿಸಿದ ಮಿದುಳು ಎಷ್ಟು ಹೇಳೀತು?

ಡೇವಿಡ್ ಹ್ಯೂಬೆಲ್ ನನ್ನ ಹೀರೋ ಆದದ್ದು ಇದೇ ಕಾರಣಕ್ಕೆ. ಜಗತ್ತು ಅವನನ್ನು ನೆನೆಯುವುದು ಟಾರ್ಸ್ಟನ್ ವೀಸೆಲ್ ಜೊತೆ ಸೇರಿ ಬೆಕ್ಕಿನ ಕಣ್ಣೋಟದ ಗುಟ್ಟು ಒಡೆದದ್ದಕ್ಕೆ, 1981ರ ನೊಬೆಲ್‌ಗೆ. ನಾನು ನೆನೆಯುವುದು 1957ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅವನ ಪುಟ್ಟ ಲೇಖನಕ್ಕೆ. ಕಡ್ಡಾಯ ಸೇನಾ ಸೇವೆಯ ಮೇಲೆ ವಾಲ್ಟರ್ ರೀಡ್ ಸೇನಾ ಸಂಶೋಧನಾ ಸಂಸ್ಥೆಗೆ ಬಂದ ಈ ಡಾಕ್ಟರು, ಎಚ್ಚರವಿದ್ದು ಓಡಾಡುವ ಬೆಕ್ಕಿನ ಮಿದುಳಿನಿಂದ ಒಂದೊಂದೇ ಕೋಶದ ಸದ್ದು ಹಿಡಿಯಬೇಕೆಂದು ಹಟ ಹಿಡಿದ. ಲೇತ್ ಮೇಲೆ ಕೆಲಸ ಮಾಡಲು ಕಲಿತ. ಕೊನೆಗೆ ಟಂಗ್‌ಸ್ಟನ್ ಕೈಹಿಡಿಯಿತು. ಅಷ್ಟು ಗಡಸು ಲೋಹ. ಸಣ್ಣಗಾದರೂ ಬಾಗದೆ ಮಿದುಳಿನ ಪೊರೆಯನ್ನು ಚುಚ್ಚಿಕೊಂಡು ಹೋಗುತ್ತದೆ. ತಂತಿಯನ್ನು ಪೊಟಾಸಿಯಂ ನೈಟ್ರೈಟ್ ದ್ರಾವಣದಲ್ಲಿ ಅದ್ದಿ, ಕೆಲವೇ ವೋಲ್ಟ್ ಎಸಿ ಕೊಟ್ಟು, ಮೇಲೆ ಕೆಳಗೆ ಆಡಿಸುತ್ತಾ ಹೋದರೆ ಲೋಹ ಕರಗಿ ತುದಿ ಮೊನೆಯಾಗುತ್ತದೆ. ಆಮೇಲೆ ವಿನೈಲ್ ವಾರ್ನಿಷ್.

ಈ ವಿಧಾನವೇ ಸ್ವಲ್ಪ ಹೆಚ್ಚುಕಡಿಮೆಯಾಗಿ ನನ್ನ ಕೈಗೂ ಬಂತು. ನಮ್ಮ ಲ್ಯಾಬಿನಲ್ಲಿ ಸೋಡಿಯಂ ನೈಟ್ರೈಟ್, ಪಕ್ಕದಲ್ಲೊಂದು ಇಂಗಾಲದ ಕಡ್ಡಿ, ಡಿಮ್ಮರ್ ತಿರುಗಿಸಿ ವೋಲ್ಟೇಜ್ ಇಳಿಸುವ ಒಂದು ಹಳೇ ವೇರಿಯಾಕ್. ತಂತಿ ಮುಳುಗಿದ ಕಡೆ ಸಣ್ಣ ಗುಳ್ಳೆಗಳು ಏಳುತ್ತವೆ. ಅವಸರ ಮಾಡಿದರೆ ತುದಿ ಪೆನ್ಸಿಲ್ಲಿನಂತೆ ಮೊಂಡ. ತಡಮಾಡಿದರೆ ಉದ್ದಕ್ಕೆ ಸಣಕಲಾಗಿ ಬಳುಕುತ್ತದೆ. ಎತ್ತಿ, ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದು, ಸೂಕ್ಷ್ಮದರ್ಶಕದ ಕೆಳಗೆ ನೋಡಬೇಕು. ನಂತರ ವಾರ್ನಿಷ್‌ನಲ್ಲಿ ಅದ್ದಿ ಬಲು ನಿಧಾನಕ್ಕೆ ಮೇಲೆತ್ತಬೇಕು. ಇಲ್ಲೊಂದು ಸೊಗಸಿದೆ: ವಾರ್ನಿಷ್ ತಾನೇ ತುದಿಯಿಂದ ಹಿಂದೆ ಸರಿಯುತ್ತದೆ. ಮೊನೆ ಎಷ್ಟು ಚೂಪೋ ಲೇಪ ಅಲ್ಲಿ ಅಷ್ಟು ನಿಲ್ಲದು. ತುದಿಯನ್ನು ಬರಿದು ಮಾಡುವ ಕೆಲಸವನ್ನು ದ್ರವದ ಮೇಲ್ಮೈ ಎಳೆತವೇ ಮಾಡಿಕೊಡುತ್ತದೆ.

ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆ? ಸಲೈನಿನಲ್ಲಿ ಇಳಿಸಿ, ಋಣ ವೋಲ್ಟೇಜ್ ಕೊಟ್ಟು, ಮತ್ತೆ ಸೂಕ್ಷ್ಮದರ್ಶಕ. ಗುಳ್ಳೆಗಳ ಸಾಲು ತುದಿಯೊಂದರಿಂದಲೇ ಎದ್ದರೆ ಎಲೆಕ್ಟ್ರೋಡ್ ಪಾಸು. ಮೈಯಿಂದ ಎಲ್ಲಾದರೂ ಒಂದು ಗುಳ್ಳೆ ಎದ್ದರೂ ಅಲ್ಲಿ ಲೇಪ ಒಡೆದಿದೆ ಎಂದರ್ಥ, ಡಬ್ಬಿಗೆ. ನನ್ನ ಮೊದಲ ಮೇಷ್ಟ್ರು, ಲ್ಯಾಬಿನ ಹಿರಿಯ ಅಟೆಂಡರ್, ಎಸ್ಸೆಸ್ಸೆಲ್ಸಿ ಓದಿದವರು. ಅವರ ಕೈಯಲ್ಲಿ ಹೊಮ್ಮುತ್ತಿದ್ದ ತುದಿಗಳು ಪ್ರೊಫೆಸರ್ ಕೈಯಲ್ಲಿ ಎಂದೂ ಬರಲಿಲ್ಲ. ಪ್ರಕಟವಾದ ಲೇಖನಗಳ ಕೊನೆಯ ಕೃತಜ್ಞತೆಯ ಸಾಲಿನಲ್ಲೂ ಅವರ ಹೆಸರನ್ನು ನಾನು ಕಂಡದ್ದು ಅಪರೂಪ.

ಟಂಗ್‌ಸ್ಟನ್ ಕೇಳಲು ಒಳ್ಳೆಯದು, ಕರೆಂಟು ಕೊಡಲು ಬಾರದು. ದಿನಗಟ್ಟಲೆ ಕೊಟ್ಟರೆ ಲೋಹ ಸವೆದುಹೋಗುತ್ತದೆ. ಒಂದೇ ದಿಕ್ಕಿನ ಕರೆಂಟಾದರೆ ಯಾವ ಲೋಹವಾದರೂ ಸುತ್ತಲಿನ ಅಂಗಾಂಶವನ್ನು ಸುಡುತ್ತದೆ. ಇದಕ್ಕೆ 1955ರಲ್ಲಿ ಪರಿಹಾರ ಕೊಟ್ಟವನು ಜಾನ್ ಲಿಲಿ: ಒಂದು ಚಿಕ್ಕ ತುಡಿತ ಈಚೆಗೆ, ತಕ್ಷಣ ಅಷ್ಟೇ ತೂಕದ್ದು ಆಚೆಗೆ. ಕೊಟ್ಟದ್ದನ್ನೆಲ್ಲ ವಾಪಸು ಎಳೆದುಕೊಂಡರೆ ಮಿದುಳಿನಲ್ಲಿ ವಿದ್ಯುದಂಶ ಕೂಡಿಕೊಳ್ಳುವುದಿಲ್ಲ. ಇವತ್ತಿನ ಪ್ರತಿಯೊಂದು ಮಿದುಳು ಪೇಸ್‌ಮೇಕರ್ ಈ ಲೆಕ್ಕವನ್ನೇ ಪಾಲಿಸುತ್ತದೆ. ಲಿಲಿ ಮುಂದೆ ಡಾಲ್ಫಿನ್‌ಗಳ ಜೊತೆ ಮಾತನಾಡಲು ಹೊರಟು, ಎಲ್‌ಎಸ್‌ಡಿ ಸೇವಿಸಿ ಕತ್ತಲ ತೊಟ್ಟಿಯಲ್ಲಿ ತೇಲಿ ಹೆಸರಾದ. ಜನ ಅವನನ್ನು ಅದಕ್ಕೇ ಗುರುತಿಸುತ್ತಾರೆ.

ತುದಿ ದಾರಿ ತಪ್ಪಿಯೂ ಚರಿತ್ರೆಯಾಗಿದೆ. 1950ರ ದಶಕದ ಮೊದಲಿಗೆ ಮಾಂಟ್ರಿಯಲ್ಲಿನ ಮೆಕ್‌ಗಿಲ್‌ನಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಇಲಿಯ ಮಿದುಳಿನ ಒಂದು ಜಾಗಕ್ಕೆ ಗುರಿಯಿಟ್ಟರೆ, ಒಂದು ಎಲೆಕ್ಟ್ರೋಡ್ ಬೇರೆಲ್ಲೋ ಹೋಗಿ ಕೂತಿತು. ಆ ಇಲಿ ಕರೆಂಟು ಸಿಕ್ಕ ಮೂಲೆಗೇ ಮತ್ತೆ ಮತ್ತೆ ಬರತೊಡಗಿತು. ಸನ್ನೆಕೋಲು ಒತ್ತಿದರೆ ತನಗೆ ತಾನೇ ಕರೆಂಟು ಕೊಟ್ಟುಕೊಳ್ಳುವ ಏರ್ಪಾಡು ಮಾಡಿದಾಗ ಕೆಲವು ಇಲಿಗಳು ಗಂಟೆಗೆ ಸಾವಿರಕ್ಕೂ ಮಿಕ್ಕಿ ಒತ್ತಿದವು. 1954ರಲ್ಲಿ ಲೇಖನ ಬಂತು. ಮಿದುಳಿನಲ್ಲಿ ಸುಖದ ಜಾಗವಿದೆ ಎಂಬ ಮಾತು ಲೋಕವೆಲ್ಲ ಹಬ್ಬಿತು.

ಈ ಎಳೆ ಬೆಂಗಳೂರಿಗೂ ಬಂದಿದೆ. ನಿಮ್ಹಾನ್ಸ್‌ನ ನರಶರೀರಕ್ರಿಯಾ ವಿಭಾಗದಲ್ಲಿ ದೇಸಿರಾಜು, ಟಿ.ಆರ್. ರಾಜು, ಶಂಕರನಾರಾಯಣ ರಾವ್ ಅವರು 1990ರ ದಶಕದಲ್ಲಿ ಹೀಗೆಯೇ ತಮಗೆ ತಾವೇ ಕರೆಂಟು ಕೊಟ್ಟುಕೊಳ್ಳುವ ಇಲಿಗಳ ಮಿದುಳನ್ನು ಮುಂದಕ್ಕೆ ಪರೀಕ್ಷಿಸಿದರು. ಆ ಸುಖಾನುಭವದ ನಂತರ ಹಿಪ್ಪೊಕ್ಯಾಂಪಸ್ ಮತ್ತು ಚಲನೆಯ ಪದರದ ನರಕೋಶಗಳ ಕವಲುಗಳು ಹೆಚ್ಚಿದ್ದನ್ನು ತೋರಿಸಿದರು. ಮಿದುಳಿನ ಬೇರೊಂದು ಮೂಲೆಯಲ್ಲಿ ಇಟ್ಟ ತಂತಿ, ದೂರದ ಕೋಶಗಳ ಆಕಾರವನ್ನೇ ಬದಲಿಸುತ್ತದೆ ಎಂದಾಯಿತು. ಇಂಥ ಇಲಿಗಳಿಗೆ ಬಳಸುವ ಜೋಡಿ ಉಕ್ಕಿನ ತಂತಿಗಳನ್ನು ಹೊಸೆದು, ಹಲ್ಲಿನ ಡಾಕ್ಟರು ಬಳಸುವ ಅಕ್ರಿಲಿಕ್ ಸಿಮೆಂಟಿನಲ್ಲಿ ಬುರುಡೆಗೆ ಕಚ್ಚಿಸುವ ಕೆಲಸ ನನಗೂ ಗೊತ್ತು. ಸಿಮೆಂಟು ಗಟ್ಟಿಯಾಗುವಾಗಿನ ಆ ಘಾಟು ಸೀರೆಗೆ ಹತ್ತಿದರೆ ಒಗೆದರೂ ಹೋಗುತ್ತಿರಲಿಲ್ಲ.

1963ರಲ್ಲಿ ಸ್ಪೇನಿನ ಕಾರ್ಡೋಬಾದಲ್ಲಿ ಹೋಸೆ ಡೆಲ್ಗಾಡೊ ಗೂಳಿಯ ಮಿದುಳಿನಲ್ಲಿ ತಂತಿಯಿಟ್ಟು, ರೇಡಿಯೊ ಗುಂಡಿಯೊತ್ತಿ, ಮೈಮೇಲೆ ಏರಿ ಬರುತ್ತಿದ್ದ ಅದನ್ನು ನಿಲ್ಲಿಸಿದ. ಎರಡು ವರ್ಷದ ಮೇಲೆ ‘ನ್ಯೂಯಾರ್ಕ್ ಟೈಮ್ಸ್’ ಮುಖಪುಟದಲ್ಲಿ ಸುದ್ದಿ. ಗೂಳಿಯ ಸಿಟ್ಟು ಇಳಿಯಿತೋ, ಅಥವಾ ಕತ್ತು ಒಂದು ಬದಿಗೆ ಸೆಳೆದು ಅದು ಸುಮ್ಮನೆ ಹೊರಳಿತೋ ಎಂದು ತಜ್ಞರು ಆಗಲೇ ಕೇಳಿದರು. ನನಗೂ ಎರಡನೆಯದೇ ಸರಿ ಎನಿಸುತ್ತದೆ. ನ್ಯೂ ಆರ್ಲಿಯನ್ಸ್‌ನ ರಾಬರ್ಟ್ ಹೀತ್ 1950ರಿಂದ ಮಾನಸಿಕ ರೋಗಿಗಳ ತಲೆಯಲ್ಲಿ ವರ್ಷಗಟ್ಟಲೆ ತಂತಿಗಳನ್ನಿಟ್ಟ. ಒಬ್ಬ ಸಲಿಂಗಕಾಮಿ ಯುವಕನನ್ನು ‘ಬದಲಿಸಲು’ ಕೂಡ ಅದನ್ನು ಬಳಸಿದ. ಸಾಧನ ಸಿಕ್ಕಿತೆಂದು ಮಾಡಿದ ಕೆಲಸ, ಕ್ಷಮೆಯಿಲ್ಲ. ಈ ಇಬ್ಬರಿಂದಾಗಿ 1970ರ ದಶಕದಲ್ಲಿ ಮಿದುಳಿನ ತಂತಿ ಎಂದರೆ ಜನ ಹೆದರುವಂತಾಯಿತು.

ಚಲನೆಯ ರೋಗಗಳ ಕಡೆ ಮಾತ್ರ ಗದ್ದಲವಿಲ್ಲದೆ ಕೆಲಸ ಸಾಗಿತ್ತು. ಪಾರ್ಕಿನ್ಸನ್ನಿನ ನಡುಕಕ್ಕೆ ಥಾಲಮಸ್ಸಿನ ಒಂದು ಚೂರನ್ನು ಸುಟ್ಟೋ ರಾಸಾಯನಿಕದಿಂದಲೋ ನಾಶಮಾಡುವ ಚಿಕಿತ್ಸೆ ನಮ್ಮಲ್ಲೂ ಬೇಗನೆ ಬಂತು. ಮದ್ರಾಸಿನಲ್ಲಿ ಬಿ. ರಾಮಮೂರ್ತಿ, ಬಾಲಸುಬ್ರಮಣಿಯಂ ಮತ್ತು ಟಿ.ಎಸ್. ಕನಕಾ ಅವರ ತಂಡ. ಬೆಂಗಳೂರಿನಲ್ಲಿ, ಮುಂದೆ 1974ರಲ್ಲಿ ನಿಮ್ಹಾನ್ಸ್ ಆದ ಸಂಸ್ಥೆಯಲ್ಲಿ, ಆರ್. ಮಾರ್ತಾಂಡ ವರ್ಮ. ಮಾವೇಲಿಕ್ಕರದಿಂದ ಬಂದ ವರ್ಮರು ತಲೆಬುರುಡೆ ಕೊರೆಯದೆ, ಕೆನ್ನೆಯ ಕಡೆಯಿಂದ, ಬುರುಡೆಯ ತಳದಲ್ಲಿ ಹುಟ್ಟಿನಿಂದಲೇ ಇರುವ ಫೊರಾಮೆನ್ ಓವೇಲ್ ಎಂಬ ರಂಧ್ರದ ಮೂಲಕ ಸೂಜಿ ಏರಿಸುವ ದಾರಿ ಕಂಡುಕೊಂಡರು. ದುಬಾರಿ ಚೌಕಟ್ಟು ಕೊಳ್ಳಲಾಗದ ದೇಶದಲ್ಲಿ ಎಂಥ ಜಾಣ ದಾರಿ! ಆದರೆ 1960ರ ದಶಕದ ಕೊನೆಗೆ ಎಲ್-ಡೋಪಾ ಮಾತ್ರೆ ಬಂತು. ಮಾತ್ರೆಯಲ್ಲಿ ಆಗುವುದಕ್ಕೆ ಸೂಜಿಯೇಕೆ ಎಂದು ಲೋಕವೆಲ್ಲ ಈ ಶಸ್ತ್ರಚಿಕಿತ್ಸೆಯನ್ನು ಮರೆಯಿತು. ಮಾತ್ರೆ ಕೆಲವು ವರ್ಷಗಳ ನಂತರ ಕೈಕೊಡುತ್ತದೆ, ಮೈಯನ್ನು ಹಾವಿನಂತೆ ತಿರುಚಿಸುತ್ತದೆ ಎಂದು ತಿಳಿಯುವ ಹೊತ್ತಿಗೆ ಆ ಕೈಚಳಕದ ಒಂದು ತಲೆಮಾರೇ ನಿವೃತ್ತವಾಗಿತ್ತು.

1987ರಲ್ಲಿ ಫ್ರಾನ್ಸಿನ ಗ್ರೆನೋಬ್ಲ್‌ನಲ್ಲಿ ಅಲಿಮ್-ಲೂಯಿ ಬೆನಾಬಿಡ್ ಮಾಡಿದ್ದನ್ನು ಆವಿಷ್ಕಾರ ಎನ್ನುವುದಕ್ಕಿಂತ ಗಮನಿಸುವಿಕೆ ಎನ್ನಬೇಕು. ನಾಶಮಾಡುವ ಮುಂಚೆ ಜಾಗ ಸರಿಯೇ ಎಂದು ನೋಡಲು ಎಲ್ಲರೂ ಸ್ವಲ್ಪ ಕರೆಂಟು ಕೊಡುತ್ತಿದ್ದರು. ಬೆನಾಬಿಡ್ ಸೆಕೆಂಡಿಗೆ ಕೊಡುವ ತುಡಿತಗಳ ಸಂಖ್ಯೆಯನ್ನು ಏರಿಸುತ್ತಾ ಹೋದ. ನೂರರ ಹತ್ತಿರ ಬಂದಾಗ ರೋಗಿಯ ಕೈ ನಡುಕ ನಿಂತಿತು, ನಿಲ್ಲಿಸಿದಾಗ ಮರಳಿತು. ಸುಡುವ ಅಗತ್ಯವೇನು, ತಂತಿಯನ್ನು ಅಲ್ಲೇ ಬಿಟ್ಟರೆ ಸಾಲದೇ? ಭೌತಶಾಸ್ತ್ರದಲ್ಲೂ ಡಾಕ್ಟರೇಟು ಪಡೆದಿದ್ದ ಅವನಿಗೆ ಯಂತ್ರಗಳ ಭಯ ಇರಲಿಲ್ಲ. ನೋವಿನ ಚಿಕಿತ್ಸೆಗೆಂದು ಮಾರುಕಟ್ಟೆಯಲ್ಲಿದ್ದ ಉಪಕರಣವನ್ನೇ ಬಳಸಿದ. 1990ರಲ್ಲಿ ಮಾಹ್ಲಾನ್ ಡಿಲಾಂಗ್ ತಂಡ ಪಾರ್ಕಿನ್ಸನ್ ಬರಿಸಿದ ಕೋತಿಗಳಲ್ಲಿ ಸಬ್‌ಥಾಲಮಿಕ್ ನ್ಯೂಕ್ಲಿಯಸ್ ಎಂಬ ಚಿಕ್ಕ ಗಂಟನ್ನು ನಾಶಮಾಡಿದರೆ ರೋಗ ಇಳಿಯುತ್ತದೆಂದು ತೋರಿಸಿತು. ಗ್ರೆನೋಬ್ಲ್ ತಂಡ ತಂತಿಯನ್ನು ಅಲ್ಲಿಗೆ ಸರಿಸಿತು. ಅಮೆರಿಕದ ಎಫ್‌ಡಿಎ 1997ರಲ್ಲಿ ನಡುಕಕ್ಕೆ, 2002ರಲ್ಲಿ ಪಾರ್ಕಿನ್ಸನ್ನಿಗೆ ತಂತಿಯನ್ನು ಒಳಗೇ ಬಿಟ್ಟು ಕರೆಂಟು ಕೊಡುವ ಈ ಚಿಕಿತ್ಸೆಯನ್ನು (ಡೀಪ್ ಬ್ರೇನ್ ಸ್ಟಿಮ್ಯುಲೇಷನ್, ಚಿಕ್ಕದಾಗಿ ಡಿಬಿಎಸ್) ಒಪ್ಪಿತು. 2014ರಲ್ಲಿ ಬೆನಾಬಿಡ್, ಡಿಲಾಂಗ್ ಇಬ್ಬರಿಗೂ ಲಾಸ್ಕರ್ ಪ್ರಶಸ್ತಿ.

ನಾವು ಒಳಗಿಡುತ್ತಿದ್ದ ತಂತಿ, ನಮ್ಮ ಮಾತಿನಲ್ಲಿ ‘ಲೀಡ್’, ದಪ್ಪ 1.27 ಮಿಲಿಮೀಟರ್. ತುದಿಯಲ್ಲಿ ಪ್ಲಾಟಿನಂ-ಇರಿಡಿಯಂನ ನಾಲ್ಕು ಬಳೆ, ಒಂದೊಂದೂ ಒಂದೂವರೆ ಮಿಲಿಮೀಟರ್ ಅಗಲ. ಅಲ್ಲಿಂದ ಚರ್ಮದಡಿ ಕಿವಿಯ ಹಿಂದೆ ಇಳಿದು ಕತ್ತು ದಾಟಿ ಎದೆಯ ಬ್ಯಾಟರಿಗೆ. ಗುರಿಯ ಗಂಟು ಸೆಂಟಿಮೀಟರಿನ ಆಸುಪಾಸಿನದು. ಎಂಆರ್‌ಐ ಚಿತ್ರ ಅಲ್ಲಿಗೆ ಹತ್ತಿರ ತಂದು ನಿಲ್ಲಿಸುತ್ತದೆ. ಕೊನೆಯ ಮಿಲಿಮೀಟರನ್ನು ನಾವು ಕಿವಿಯಿಂದ ಕಂಡುಹಿಡಿಯುತ್ತಿದ್ದೆವು.

ಆ ದಿನಗಳಲ್ಲಿ ಥಿಯೇಟರಿನಲ್ಲಿ ಮೊದಲು ನಡೆಯುತ್ತಿದ್ದುದು ಗುಂಯ್ ಸದ್ದಿನ ಬೇಟೆ. ಎಲ್ಲಿಂದಲೋ 50 ಹರ್ಟ್ಸ್‌ನ ಮೇನ್ಸ್ ಸದ್ದು ನುಗ್ಗಿ ಸ್ಪೀಕರನ್ನು ತುಂಬಿಬಿಡುತ್ತಿತ್ತು. ಟ್ಯೂಬ್‌ಲೈಟ್ ಆರಿಸು, ಮೇಜಿನ ಮೋಟಾರಿನ ಪ್ಲಗ್ ಕೀಳು, ಅರಿವಳಿಕೆಯವರ ಸಿರಿಂಜ್ ಪಂಪನ್ನು ಬ್ಯಾಟರಿಗೆ ಹಾಕು ಎಂದು ನಾನು ಎಲ್ಲರ ಬೈಗುಳ ತಿನ್ನುತ್ತಾ ಓಡಾಡುತ್ತಿದ್ದೆ. ಒಮ್ಮೆ ಶಿವಮೊಗ್ಗ ಕಡೆಯ ಅಡಿಕೆ ಬೆಳೆಗಾರರೊಬ್ಬರು ಮಲಗಿದ್ದರು. ತಲೆ ಚೌಕಟ್ಟಿನಲ್ಲಿ ಬಿಗಿದಿದೆ, ಬುರುಡೆಯಲ್ಲಿ ನಾಣ್ಯದಗಲದ ತೂತು, ಪೂರ್ಣ ಎಚ್ಚರ. ಮಿದುಳಿಗೆ ನೋವು ತಿಳಿಯದು. ಚರ್ಮ ಮರಗಟ್ಟಿಸಿದರೆ ಸಾಕು. ಮೈಕ್ರೋ ಎಲೆಕ್ಟ್ರೋಡ್ ಅರ್ಧರ್ಧ ಮಿಲಿಮೀಟರ್ ಇಳಿಯತೊಡಗಿತು. ಥಾಲಮಸ್ಸಿನಲ್ಲಿ ಅಲ್ಲೊಂದು ಇಲ್ಲೊಂದು ಪಟಪಟ. ಆಮೇಲೆ ನಿಶ್ಶಬ್ದ. ಇನ್ನೂ ನಿಶ್ಶಬ್ದ. ಸರ್ಜನ್ ನನ್ನ ಮುಖ ನೋಡಿದರು. ಮತ್ತೆ ಅರ್ಧ ಮಿಲಿಮೀಟರ್, ಅಷ್ಟರಲ್ಲಿ ತಗಡಿನ ಮಾಡಿನ ಮೇಲೆ ಜಡಿಮಳೆ ಬಿದ್ದ ಹಾಗೆ ಸ್ಪೀಕರ್ ಭೋರ್ಗರೆಯಿತು. ಸಬ್‌ಥಾಲಮಿಕ್ ಸಿಕ್ಕಿತು. ನರವೈದ್ಯರು ಅವರ ಮಣಿಕಟ್ಟನ್ನು ಮಡಿಸಿ ಬಿಡಿಸಿದರೆ ಸದ್ದು ಅದಕ್ಕೆ ತಕ್ಕಂತೆ ಏರಿಳಿಯುತ್ತಿತ್ತು. ‘ಇದು ನನ್ನ ತಲೆಯೊಳಗಿಂದಲೇ ಬರ‍್ತಿರೋದಾ?’ ಎಂದು ಅವರು ಕೇಳಿದರು. ಹೌದೆಂದೆ. ‘ಹಾಗಾದ್ರೆ ಅಲ್ಲಿ ಇನ್ನೂ ಏನೋ ಇದೆ ಅನ್ನಿ’ ಎಂದರು. ಪರೀಕ್ಷೆಯ ಕರೆಂಟು ಬಿಟ್ಟು ವಾರಗಳ ಹೆಸರನ್ನು ಹಿಂದಿನಿಂದ ಹೇಳಿಸುತ್ತಿದ್ದಾಗ ಶುಕ್ರವಾರದ ಹೊತ್ತಿಗೆ ನಾಲಿಗೆ ತೊದಲಿತು. ಕರೆಂಟು ಮಾತಿನ ನಾರುಗಳಿಗೆ ಹರಡುತ್ತಿತ್ತು. ಎರಡು ಮಿಲಿಮೀಟರ್ ಪಕ್ಕದ ದಾರಿಯಲ್ಲಿ ಲೀಡ್ ಇಟ್ಟರು. ಅಲ್ಲಿ ಬುಧವಾರವೂ ಸಲೀಸಾಗಿ ಬಂತು, ಕೈಯೂ ನಿಂತಿತು.

ಕೇಳುವ ಸೂಜಿಯನ್ನು ಮಿದುಳಿನಲ್ಲೇ ಬಿಟ್ಟುಬರುವ ಪ್ರಯತ್ನ ಇನ್ನೂ ಕಷ್ಟದ್ದು. ಯೂಟಾ ವಿಶ್ವವಿದ್ಯಾಲಯದ ರಿಚರ್ಡ್ ನಾರ್ಮನ್ 1990ರ ಸುಮಾರಿಗೆ, ಕುರುಡರಿಗೆ ದೃಷ್ಟಿ ಕೊಡುವ ಆಸೆಯಿಂದ, ಸಿಲಿಕಾನ್ ಗಟ್ಟಿಯನ್ನು ಗರಗಸದಲ್ಲಿ ಅಡ್ಡಕ್ಕೂ ಉದ್ದಕ್ಕೂ ಸೀಳಿ, ಆಸಿಡ್ಡಿನಲ್ಲಿ ಸಣ್ಣಗೆ ಮಾಡಿ, 4 ಮಿಲಿಮೀಟರ್ ಚೌಕದಲ್ಲಿ 100 ಮುಳ್ಳುಗಳ ಹಾಸನ್ನು ಎಬ್ಬಿಸಿದ. ನಿಧಾನಕ್ಕೆ ಒತ್ತಿದರೆ ಮಿದುಳು ತಗ್ಗಿ ಗಾಯಗೊಳ್ಳುತ್ತದೆಂದು ಗಾಳಿಯೊತ್ತಡದ ಪುಟ್ಟ ಸುತ್ತಿಗೆಯಿಂದ ಒಂದೇ ಏಟಿಗೆ ಕೂರಿಸುವ ಉಪಾಯ ಮಾಡಿದ. ಅದರ 96 ಮುಳ್ಳುಗಳಿಗೆ ತಂತಿ ಬೆಸೆದ ಹಾಸು 2004ರಲ್ಲಿ ಮ್ಯಾಥ್ಯೂ ನೇಗಲ್‌ನ ಮಿದುಳಿಗೆ ಹೋಯಿತು. ಚೂರಿಯೇಟಿಗೆ ಕತ್ತಿನ ಕೆಳಗಿನ ಮೈ ಸ್ವಾಧೀನ ತಪ್ಪಿದ್ದ ಆ ಯುವಕ, ಕೈ ಆಡಿಸುವ ಯೋಚನೆಯಿಂದಲೇ ಕಂಪ್ಯೂಟರಿನ ಕರ್ಸರ್ ಓಡಿಸಿ ಇಮೇಲ್ ತೆರೆದ, ಟಿವಿ ಹಚ್ಚಿದ. ಬ್ರೌನ್ ವಿಶ್ವವಿದ್ಯಾಲಯದ ಜಾನ್ ಡೊನಹ್ಯೂ, ಲೀ ಹಾಕ್‌ಬರ್ಗ್ ತಂಡ 2006ರಲ್ಲಿ ‘ನೇಚರ್’ನಲ್ಲಿ ಇದನ್ನು ಬರೆಯಿತು. ಪತ್ರಿಕೆಗಳು ಯೋಚನೆಯ ಶಕ್ತಿಯ ಬಗ್ಗೆ ಬರೆದವು. ನಾನು ಓದಿದ್ದು ತಿಂಗಳು ಕಳೆದಂತೆ ಸಂಕೇತ ಕುಂದಿದ ಬಗೆಗಿನ ಸಾಲುಗಳನ್ನು.

ಅದಕ್ಕೆ ಕಾರಣವಿದೆ. ಮಿದುಳು ಒಂದು ಕಡೆ ನಿಲ್ಲುವುದಿಲ್ಲ. ಪ್ರತಿ ನಾಡಿಬಡಿತಕ್ಕೂ ಉಸಿರಿಗೂ ಮಿಸುಕುತ್ತದೆ. ಸಿಲಿಕಾನ್ ಮಿಸುಕುವುದಿಲ್ಲ. ಉಜ್ಜಿದ ಕಡೆ ಮಿದುಳಿನ ಕಾವಲು ಕೋಶಗಳು ಸೇರಿ ಗಾಯದ ಗೋಡೆ ಕಟ್ಟುತ್ತವೆ; ಗೋಡೆಯ ಆಚೆ ನರಕೋಶ, ಈಚೆ ಸೂಜಿ. ಆದರೆ ಕೋತಿಗಳಲ್ಲಿ ವರ್ಷಗಳ ಕಾಲ ನೋಡಿದವರಿಗೆ ಹೆಚ್ಚಾಗಿ ಸಿಕ್ಕ ದೋಷ ಅದಕ್ಕಿಂತ ಸಾದಾ: ಬುರುಡೆಯ ಮೇಲಿನ ಕನೆಕ್ಟರ್ ಕಿತ್ತುಬರುವುದು. ಪೂಲ್‌ನ ತಂತಿಯ ಕಥೆಯೇ.

ಸೂಜಿಯ ಬಳಿಗೆ ನರವೇ ಬೆಳೆದು ಬರುವಂತೆ ಮಾಡಿದರೆ ಹೇಗೆ ಎಂದು ಯೋಚಿಸಿದವನು ಐರ್ಲೆಂಡಿನಲ್ಲಿ ಹುಟ್ಟಿ ಅಟ್ಲಾಂಟಾದಲ್ಲಿದ್ದ ಫಿಲ್ ಕೆನಡಿ. ಅವನ ಎಲೆಕ್ಟ್ರೋಡ್ ಒಂದು ಪುಟಾಣಿ ಗಾಜಿನ ಶಂಕು; ಒಳಗೆ ಚಿನ್ನದ ತಂತಿ, ನರ ಬೆಳೆಸುವ ಔಷಧ. 1998ರಲ್ಲಿ ಮಾತು, ಚಲನೆ ಎರಡೂ ಕಳೆದುಕೊಂಡಿದ್ದ ರೋಗಿಯೊಬ್ಬ ಅದರಿಂದ ಕರ್ಸರ್ ಆಡಿಸಿದ. ಅನುಮತಿಯೂ ಹಣವೂ ಬತ್ತಿದಾಗ, 2014ರಲ್ಲಿ, ಕೆನಡಿ ಬೆಲೀಜ್ ದೇಶಕ್ಕೆ ಹೋಗಿ ತನ್ನದೇ ಆರೋಗ್ಯವಂತ ಮಿದುಳಿಗೆ ಎಲೆಕ್ಟ್ರೋಡ್ ಹಾಕಿಸಿಕೊಂಡ. ಕೆಲಕಾಲ ಮಾತು ನಿಂತೇಹೋಗಿತ್ತು, ಆಮೇಲೆ ಮರಳಿತು. ಹುಚ್ಚುತನವೇ. ಆದರೂ ಬಾರ್ಥೊಲೊನಿಗಿಂತ ಇವನು ಮೇಲು. ಈ ಸಲ ಪಣಕ್ಕಿಟ್ಟದ್ದು ತನ್ನ ತಲೆಯನ್ನೇ.

ಆಮೇಲಿನದು ಓದುಗರಿಗೆ ಗೊತ್ತಿರುವುದೇ. 2021ರಲ್ಲಿ ಸ್ಟ್ಯಾನ್‌ಫರ್ಡಿನ ಕೃಷ್ಣ ಶೆಣೈ ಮತ್ತು ಜೇಮೀ ಹೆಂಡರ್ಸನ್ ತಂಡದ ಕೆಲಸದಲ್ಲಿ, ಕೈ ಆಡದ ವ್ಯಕ್ತಿಯೊಬ್ಬ ಮನಸ್ಸಿನಲ್ಲೇ ಅಕ್ಷರ ಬರೆದು ನಿಮಿಷಕ್ಕೆ 90 ಅಕ್ಷರ ಪರದೆಗೆ ಇಳಿಸಿದ. ಶೆಣೈ ಎಂಬ ಹೆಸರು ಕಂಡರೆ ನಮ್ಮ ಕರಾವಳಿಯವರ ಕಿವಿ ನೆಟ್ಟಗಾಗುತ್ತದೆ. 2023ರಲ್ಲಿ, ಐವತ್ತೈದೂ ತುಂಬದೆ, ಅವರು ತೀರಿಕೊಂಡರು. ಅಲ್ಲೂ ಬಳಸಿದ್ದು ನಾರ್ಮನ್ನನ ಅದೇ ಮುಳ್ಳುಹಾಸು. 2024ರ ಜನವರಿಯಲ್ಲಿ ನ್ಯೂರಾಲಿಂಕ್ ಕಂಪನಿ ಕೂದಲಿಗಿಂತ ಸಣ್ಣ, ಬಳುಕುವ 64 ಎಳೆಗಳನ್ನು ರೋಬೋಟಿನಿಂದ ಹೊಲಿದು, ಒಬ್ಬ ಯುವಕನಿಗೆ 1,024 ತುದಿಗಳನ್ನು ಕೊಟ್ಟಿತು. ಕೆಲವೇ ವಾರಗಳಲ್ಲಿ ಎಷ್ಟೋ ಎಳೆಗಳು ಮಿದುಳಿನಿಂದ ಹಿಂದಕ್ಕೆ ಸರಿದವು. ಉಳಿದವುಗಳಿಂದ ತಂತ್ರಾಂಶ ಬದಲಿಸಿ ಕೆಲಸ ತೆಗೆದರು. ಎಳೆ ಮೆದುವಾದರೆ ಗಾಯ ಕಡಿಮೆ, ಹಿಡಿತವೂ ಕಡಿಮೆ. ದುಡ್ಡು ಎಷ್ಟಿದ್ದರೂ ತುದಿ ತನ್ನ ಮಾತು ಹೇಳಿಯೇ ತೀರುತ್ತದೆ.

ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಖಾಸಗಿ ಆಸ್ಪತ್ರೆಗಳಲ್ಲೂ ಡಿಬಿಎಸ್ ಮಾಮೂಲಿನ ಚಿಕಿತ್ಸೆ. ತಲೆಯಲ್ಲಿ ಲೀಡ್ ಇರುವವರು ನಿಮ್ಮ ಬೀದಿಯಲ್ಲೇ ಇರಬಹುದು. ಹಾಗಾಗಿ ಟೆಕ್ನಿಷಿಯನ್ ಆಗಿ ಒಂದು ಮಾತು ಹೇಳಿಬಿಡುತ್ತೇನೆ. 2001ರಲ್ಲಿ ವರದಿಯಾದ ಪ್ರಕರಣವೊಂದರಲ್ಲಿ, ಡಿಬಿಎಸ್ ಇದ್ದ ಪಾರ್ಕಿನ್ಸನ್ ರೋಗಿಗೆ ಹಲ್ಲು ಕಿತ್ತ ಮೇಲೆ ದವಡೆಗೆ ಡಯಾಥರ್ಮಿ ಶಾಖ ಕೊಟ್ಟರು. ಆ ಅಲೆಗಳನ್ನು ತಂತಿ ಆಂಟೆನಾದಂತೆ ಹೀರಿಕೊಂಡು, ಲೇಪವಿಲ್ಲದ ತುದಿಯಲ್ಲಿ ಬಿಸಿಯನ್ನೆಲ್ಲ ಬಿಟ್ಟಿತು. ಸುತ್ತಲಿನ ಮಿದುಳು ಬೆಂದು ರೋಗಿ ಮತ್ತೆ ಪ್ರಜ್ಞೆಗೆ ಮರಳಲಿಲ್ಲ. ಮಂಡಿನೋವು, ಭುಜನೋವಿಗೆ ನಮ್ಮ ಫಿಸಿಯೋಥೆರಪಿ ಕೇಂದ್ರಗಳಲ್ಲಿ ಶಾರ್ಟ್‌ವೇವ್ ಡಯಾಥರ್ಮಿ ಹಾಕುವುದು ತೀರಾ ಸಾಮಾನ್ಯ. ಮನೆಯಲ್ಲಿ ಡಿಬಿಎಸ್ ಆದವರಿದ್ದರೆ, ಉಪಕರಣ ಆಫ್ ಮಾಡಿದ್ದರೂ, ಬ್ಯಾಟರಿ ತೆಗೆಸಿ ತಂತಿಯಷ್ಟೇ ಉಳಿದಿದ್ದರೂ, ಮೈಯ ಯಾವ ಭಾಗಕ್ಕೂ ಅದನ್ನು ಹಾಕಿಸಬೇಡಿ. ಆಸ್ಪತ್ರೆ ಕೊಟ್ಟ ಉಪಕರಣದ ಕಾರ್ಡು ಪರ್ಸಿನಲ್ಲಿರಲಿ. ಎಂಆರ್‌ಐ, ಹಲ್ಲಿನ ಚಿಕಿತ್ಸೆ, ಫಿಸಿಯೋಥೆರಪಿ ಯಾವುದಕ್ಕೆ ಹೋದರೂ ಮೊದಲು ಅದನ್ನು ತೋರಿಸಿ.